ಯುಟಿಲಿಟಿ ಬಿಲ್ಡಿಂಗ್ ಯಾವ ಕಂಪನಿಯದೂ ಅಲ್ಲ ಕಣೋ

ಪುಟ್ಟಾ, ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತೆ. ಬಾಯಲ್ಲೇ ಹೇಳುತ್ತೇನೆ, ಕೇಳಿಸಿಕೋ. ಬೆಳಿಗ್ಗೆ ಅಕ್ಕ ಗ್ರೂಪಿಗೆ ಹಾಕಿದ ಬೆಂಗಳೂರಿನ ಎಂ.ಜಿ. ರೋಡಿನ ಹಳೇ ಫೋಟೋ ನೋಡಿ "ಆ ಎತ್ತರದ್ದು ಯಾವ ಕಂಪನಿದು ಮಾಮ?" ಅಂತ ಕೇಳಿದ್ದೆಯಲ್ಲ. ಯಾವ ಕಂಪನಿಯದೂ ಅಲ್ಲ ಕಣೋ. ಕಾರ್ಪೊರೇಷನ್‌ದು. ಅಂದರೆ ಊರಿನದು.

ಕಾಗದದಲ್ಲಿ ಅದರ ಹೆಸರು ಸುಭಾಷ್ ಚಂದ್ರ ಬೋಸ್ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್. ಅಷ್ಟುದ್ದ ಹೇಳಿದರೆ ಆಟೋದವನು ಹೊರಟೇ ಹೋಗುತ್ತಾನೆ. ಯುಟಿಲಿಟಿ ಬಿಲ್ಡಿಂಗ್ ಅಂದರೆ ಸಾಕು. 1973ರದ್ದು. 25 ಮಹಡಿ, 106 ಮೀಟರ್. ನಿಮ್ಮ ವೈಟ್‌ಫೀಲ್ಡ್ ಕಡೆಯವರಿಗೆ ಇದೇನು ಮಹಾ ಅನಿಸಬಹುದು. ಆದರೆ ಆಗ ಸುತ್ತ ಏನಿತ್ತು ಹೇಳು? ಪಕ್ಕದಲ್ಲಿ 1883ರ ಮೇಯೋ ಹಾಲ್, ಒಂದಷ್ಟು ಹೆಂಚಿನ ಬಂಗಲೆ, ಮರಗಳು. ಯುಬಿ ಸಿಟಿಯ ಎತ್ತರದ ಕಟ್ಟಡಗಳು ಬಂದಿದ್ದು ಇದಾಗಿ 30 ವರ್ಷದ ಮೇಲೆ.

ನಾನು ಮೊದಲು ನೋಡಿದಾಗ ಮೂರನೇ ಕ್ಲಾಸು. ನಿಮ್ಮ ತಾತ ತುಮಕೂರಿಂದ ಬಸ್ಸಲ್ಲಿ ಕರೆದುಕೊಂಡು ಬಂದಿದ್ದರು. ಎದುರಿನ ಫುಟ್‌ಪಾತಲ್ಲಿ ನಿಂತು ಮಹಡಿ ಎಣಿಸಿದೆವು. ಹದಿನಾಲ್ಕು ಹದಿನೈದರ ಹತ್ತಿರ ಲೆಕ್ಕ ತಪ್ಪುತ್ತಿತ್ತು, ಮತ್ತೆ ಕೆಳಗಿಂದ ಶುರು. ಆಮೇಲೆ ಒಳಗೆ ಹೋದೆವು. ಯಾರೂ ತಡೆಯಲಿಲ್ಲ, ಎಲ್ಲಿಗೆ ಅಂತಲೂ ಕೇಳಲಿಲ್ಲ. ಕೆಳಗೆ ಅಂಗಡಿಗಳು, ಮೇಲೆ ಆಫೀಸುಗಳು. ಲಿಫ್ಟ್ ಬಾಗಿಲು ತೆರೆಯಿತು ನೋಡು, ತಾತ ಚಪ್ಪಲಿ ಬಿಟ್ಟು, ಕೈಯಲ್ಲಿ ಹಿಡಿದುಕೊಂಡು ಹತ್ತಿದರು! ಲಿಫ್ಟಿನವರು ನಗಲಿಲ್ಲ, "ಹಾಕ್ಕೊಳ್ಳಿ ಸ್ವಾಮಿ" ಅಂದರು. ನಾವು ಒಂದು ಕರ್ಚೀಫೂ ಕೊಳ್ಳಲಿಲ್ಲ. ಸುಮ್ನೆ ನೋಡಿಕೊಂಡು ಬಂದೆವು, ಅಷ್ಟೇ. ಈಗಿನ ಮಾಲ್‌ಗಳ ಬಾಗಿಲಲ್ಲಿ ನಿಮ್ಮತ್ತೆ ಸೀರೆ ಸರಿಮಾಡಿಕೊಂಡೇ ಒಳಗೆ ಹೋಗೋದು. ಇಲ್ಲಿ ಆ ಅಳುಕೇ ಇರಲಿಲ್ಲ.

ಚಂದವೇನೂ ಇಲ್ಲ ಬಿಡು, ಕಾಂಕ್ರೀಟ್ ಡಬ್ಬ ಅಂತ ಬೈಯುವವರೇ ಜಾಸ್ತಿ. ನನಗೂ ಮೇಯೋ ಹಾಲೇ ಇಷ್ಟ.

ಹಾಂ, ಥಿಯೇಟರ್ ಮರೆತೆ. ನಿಮ್ಮಮ್ಮನೂ ನಾನೂ ಕಾಲೇಜಿನಲ್ಲಿ ಕದ್ದು ಹೋಗುತ್ತಿದ್ದ ಸಿಂಫನಿ ಇದ್ದಿದ್ದು ಅದೇ ಕಟ್ಟಡದಲ್ಲಿ. ಆಮೇಲೆ ಅದಕ್ಕೆ ಶಂಕರ್‌ನಾಗ್ ಹೆಸರಿಟ್ಟರು. ಬೆಂಗಳೂರಿಗೆ ಮೆಟ್ರೋ ಬೇಕು ಅಂತ ಎಂಬತ್ತರ ದಶಕದಲ್ಲೇ ಹೇಳುತ್ತಿದ್ದ ಮನುಷ್ಯ, 1990ರಲ್ಲಿ ಹೋಗಿಬಿಟ್ಟ. 2011ರಲ್ಲಿ ಊರಿನ ಮೊದಲ ಮೆಟ್ರೋ ಓಡಿದ್ದು ಅದೇ ಕಟ್ಟಡದ ಮುಂದೆ.

ಅಕ್ಕಾ, ಆ ಫೋಟೋದ ಹಿಂದೆ ಅಪ್ಪ ತಾರೀಕು ಬರೆದಿದ್ದರೆ ಅದನ್ನೂ ಹಾಕು.