ತುಪ್ಪನೂ ಹಾಲೇ, ಮರೆಯಬೇಡ

ಮಗಳೇ, ನಿನ್ನ ಮೆಸೇಜ್ ಈಗ ನೋಡಿದೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಕೈಯೆಲ್ಲ ಹಿಟ್ಟು, ಫೋನ್ ಮುಟ್ಟಲೇ ಇಲ್ಲ. ಜಾತ್ರೆಗೆ ಕೊಪ್ಪಳಕ್ಕೆ ಬರುತ್ತೀವಿ, ಮಗುವಿಗೆ ಹಾಲಿನ ಅಲರ್ಜಿ ಅಂತ ಡಾಕ್ಟರ್ ಹೇಳಿದ್ದಾರೆ, ತೇರಿನ ಮರುದಿನವೇ ಅವನ ಹುಟ್ಟುಹಬ್ಬ, ಏನು ಮಾಡಿ ಹಾಕಲಿ, ಕೇಕ್ ಹೇಗೆ, ಭಯ ಆಗುತ್ತಿದೆ ದೊಡ್ಡವ್ವ ಅಂತ ಬರೆದಿದ್ದೀಯಲ್ಲ. ಭಯ ಪಡಬೇಡ ಅಂತ ನಾನು ಹೇಳುವುದಿಲ್ಲ. ಸ್ವಲ್ಪ ಭಯ ಇರಲಿ. ನನಗೆ ಆವಾಗ ಇರಲಿಲ್ಲ, ಅದಕ್ಕೇ ಹಾಗಾಯಿತು.

ಕುಷ್ಟಗಿ ಮನೆಯವರೂ ಗಂಗಾವತಿ ಮನೆಯವರೂ ಪೂರ್ತಿ ಕೇಳಿ. ಜಾತ್ರೆಗೆ ಎಲ್ಲರೂ ಬರುತ್ತೀರಿ, ಎಲ್ಲರ ಕೈಯಲ್ಲೂ ಒಂದೊಂದು ಡಬ್ಬಿ ಇರುತ್ತದೆ. ಮಗುವಿನ ಬಾಯಿಗೆ ಯಾರು ಏನು ಹಾಕಿದರು ಅಂತ ಆಮೇಲೆ ಹುಡುಕುವ ಹಾಗೆ ಆಗಬಾರದು.

ನನ್ನ ಹಿರೇಮಗಳ ಮಗನಿಗೂ ಇದೇ ಇತ್ತು, ಗೊತ್ತಲ್ಲ. ಆಗ ಅವನಿಗೆ ಎರಡು ವರ್ಷ. ಯುಗಾದಿಗೆ ಬಂದಿದ್ದರು. ಮಗಳು ಬಸ್ ಇಳಿದ ಕೂಡಲೇ ಹೇಳಿದಳು, ಅವ್ವಾ, ಇವನಿಗೆ ಹಾಲು, ಮೊಸರು, ಬೆಣ್ಣೆ ಏನೂ ಬೇಡ ಅಂತ. ಆಯ್ತವ್ವ ಅಂದೆ. ಎಷ್ಟು ಜೋಪಾನ ಮಾಡಿದ್ದೆ ಅಂದರೆ, ಅವನ ಪಾಲಿನ ಹೂರಣ ಬೇರೆ ತೆಗೆದಿಟ್ಟೆ, ಕಣಕ ಎಣ್ಣೆಯಲ್ಲೇ ನಾದಿದೆ, ಮಜ್ಜಿಗೆ ಕೊಡದ ಹಾಗೆ ನೋಡಿಕೊಂಡೆ. ಕೊನೆಗೆ ತಟ್ಟೆಗೆ ಹೋಳಿಗೆ ಹಾಕುವಾಗ ನನ್ನ ಜೀವ ತಡೆಯಲಿಲ್ಲ. ಮೊಮ್ಮಗನಿಗೆ ಒಣ ಹೋಳಿಗೆ ಹಾಕುವುದಾ, ಹಬ್ಬದ ದಿನ? ತುಪ್ಪ ಅಂದರೆ ಕಾಯಿಸಿ ಸೋಸಿದ್ದು, ಅದರಲ್ಲಿ ಹಾಲು ಎಲ್ಲಿಂದ ಬಂತು ಅಂದುಕೊಂಡು ಒಂದು ಚಮಚ ಬಿಟ್ಟೆ. ಒಂದೇ ಚಮಚ.

ಅವನು ಕಣ್ಣು ಮುಚ್ಚಿಕೊಂಡು ತಿಂದ. ತುಟಿಯೆಲ್ಲ ಜಿಡ್ಡು ಮಿಂಚುತ್ತಿತ್ತು. ನನಗೆ ಎಷ್ಟು ಖುಷಿ! ಹತ್ತು ನಿಮಿಷ ಆಗಿರಬೇಕು, ಕಿವಿ ತಿಕ್ಕಿಕೊಳ್ಳಲು ಶುರು ಮಾಡಿದ. ಕುತ್ತಿಗೆಯ ಮೇಲೆ ಸೊಳ್ಳೆ ಕಡಿದ ಹಾಗೆ ನಾಲ್ಕು ದದ್ದು. ನೋಡುನೋಡುತ್ತಿದ್ದ ಹಾಗೆ ಹೊಟ್ಟೆಯ ಮೇಲೆಲ್ಲ ಎದ್ದವು. ಮೇಲಿನ ತುಟಿ ಊದಿ ಬಂತು. ಆಮೇಲೆ ವಾಂತಿ, ಆಮೇಲೆ ಕೆಮ್ಮು. ಆ ಕೆಮ್ಮಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಿಮ್ಮ ದೊಡ್ಡಪ್ಪ ಊಟದ ಕೈಯಲ್ಲೇ ಸ್ಕೂಟರ್ ತೆಗೆದರು. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟು ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡರು. ಬೆಳಗಾಗುವಷ್ಟರಲ್ಲಿ ಅವನು ನಗುತ್ತಿದ್ದ. ನನಗೆ ನಿಲ್ಲಲೂ ಆಗುತ್ತಿರಲಿಲ್ಲ.

ಆ ಡಾಕ್ಟರಮ್ಮ ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಹಾಲಿನಲ್ಲಿ ಪ್ರೋಟೀನ್ ಇರುತ್ತದೆ, ಕೇಸೀನ್ ಅಂತ ಒಂದು, ವೇ ಅಂತ ಇನ್ನೊಂದು. ಮಗುವಿನ ಮೈ ಅದನ್ನೇ ಶತ್ರು ಅಂದುಕೊಳ್ಳುತ್ತದೆ. ತುಪ್ಪ ಎಷ್ಟೇ ಸೋಸಿದರೂ ಅದು ಒಂದಿಷ್ಟು ಉಳಿದಿರುತ್ತದೆ, ಕೆಲವು ಮಕ್ಕಳಿಗೆ ಅಷ್ಟೇ ಸಾಕು. ಹಾಲು ಕುಡಿದರೆ ಹೊಟ್ಟೆ ಉಬ್ಬರ ಆಗುತ್ತದಲ್ಲ, ನಮ್ಮ ಗಂಗಾವತಿ ಕಾಕಾನಿಗೆ ಇದೆಯಲ್ಲ, ಅದು ಬೇರೆ. ಅದು ಹಾಲಿನ ಸಕ್ಕರೆ ಅರಗದೆ ಆಗುವುದು. ಅವರಿಗೆ ಲ್ಯಾಕ್ಟೋಸ್ ಇಲ್ಲದ ಹಾಲು ನಡೆಯುತ್ತದೆ. ಅಲರ್ಜಿ ಇರುವ ಮಗುವಿಗೆ ಆ ಪ್ಯಾಕೆಟ್ ಹಾಲೂ ನಡೆಯುವುದಿಲ್ಲ, ಪ್ರೋಟೀನ್ ಅದರಲ್ಲಿ ಹಾಗೇ ಇರುತ್ತದೆ. ಆಡಿನ ಹಾಲು, ಎಮ್ಮೆ ಹಾಲು ಕೊಡಿ ಅನ್ನುವವರ ಮಾತು ಕೇಳಬೇಡ. ಎಲ್ಲ ಒಂದೇ ಜಾತಿಯ ಪ್ರೋಟೀನ್.

ಅದಕ್ಕೇ ಹೇಳುತ್ತಿದ್ದೇನೆ ಮಗಳೇ, ತುಪ್ಪನೂ ಹಾಲೇ. ಒಂದು ಚಮಚ, ಒಂದು ಹನಿ ಅಂತ ಲೆಕ್ಕ ಹಾಕಬೇಡ.

ನನಗೆ ನೋವಾದದ್ದು ಅದರ ನಂತರ. ತಪ್ಪು ನನ್ನದು, ನಾನೇ ಎಲ್ಲರ ಮುಂದೆ ಒಪ್ಪಿಕೊಂಡೆ. ಆದರೆ ಮಂದಿ ಬೈದದ್ದು ನನ್ನ ಮಗಳನ್ನು. ಬಸುರಿ ಇದ್ದಾಗ ಸರಿಯಾಗಿ ಉಣ್ಣಲಿಲ್ಲ ಅಂದರು. ಈಗಿನವರಿಗೆ ಎಲ್ಲದಕ್ಕೂ ಅಲರ್ಜಿ, ನಾವು ಎಂಟು ಮಕ್ಕಳನ್ನು ಹಾಲು ಕುಡಿಸಿ ಬೆಳೆಸಲಿಲ್ಲವಾ ಅಂದರು. ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡು ಅಂದವರೂ ಇದ್ದಾರೆ, ಡಾಕ್ಟರ್ ಬೇಡ ಅಂದಮೇಲೂ! ಒಂದು ಮದುವೆಯಲ್ಲಿ ಅವಳು ಅಡುಗೆಯವರ ಹತ್ತಿರ ಹೋಗಿ ಪಲ್ಯದ ಒಗ್ಗರಣೆಗೆ ಬೆಣ್ಣೆ ಹಾಕಿದ್ದೀರಾ ಅಂತ ಮೆಲ್ಲಗೆ ಕೇಳಿದಳು. ಬೀಗರ ಮನೆಯಲ್ಲಿ ಹೀಗೆಲ್ಲ ಕೇಳಿ ಮಾನ ತೆಗೀತಾಳೆ ಅಂತ ನಮ್ಮವರೇ ಅಂದರು. ಅವಳು ಏನೂ ಉಣ್ಣದೆ ಮಗುವಿಗೆ ಬಾಳೆಹಣ್ಣು ತಿನ್ನಿಸಿಕೊಂಡು ಮೂಲೆಯಲ್ಲಿ ಕೂತಿದ್ದಳು. ಬಾ ತಾಯಿ, ನಿನ್ನ ಮಗುವಿಗೆ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ಅದನ್ನು ನಾನು ಮರೆತಿಲ್ಲ. ನಿನಗೆ ಹಾಗೆ ಆಗಲು ನಾನು ಬಿಡುವುದಿಲ್ಲ. ಈ ಗ್ರೂಪಿನಲ್ಲಿ ಯಾರಾದರೂ ನಿನಗೆ ಅಂಥ ಮಾತು ಆಡಿದರೆ ನನಗೆ ಫೋನ್ ಮಾಡು.

ಅಯ್ಯೋ, ನೀನು ಕೇಳಿದ್ದು ಅಡುಗೆ ಅಲ್ವಾ. ಹೇಳುತ್ತೇನೆ, ಬರೆದುಕೊ.

ಮೊದಲು, ಅವನಿಗೆ ಶೇಂಗಾ, ಎಳ್ಳು ಒಗ್ಗುತ್ತವಾ ತಿಳಿಸು. ಕೆಲವು ಮಕ್ಕಳಿಗೆ ಅವೂ ಆಗುವುದಿಲ್ಲ. ಒಗ್ಗುತ್ತದೆ ಅಂದರೆ ನಮ್ಮ ಕಡೆ ಚಿಂತೆಯೇ ಇಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಇದರಲ್ಲಿ ಹಾಲು ಎಲ್ಲಿದೆ? ಹಿಂಡಿ ಕಲಸಲು ಮೊಸರಿನ ಬದಲು ಎಣ್ಣೆ ಹಾಕು. ಮಂಡಕ್ಕಿ ಒಗ್ಗರಣೆ, ಮಿರ್ಚಿ ನಾನು ಮನೆಯಲ್ಲೇ ಹೊಸ ಎಣ್ಣೆಯಲ್ಲಿ ಮಾಡುತ್ತೇನೆ. ಅವನಿಗೆ ಖಾರದ ಮೆಣಸಿನಕಾಯಿ ಬೇಡ, ಆಲೂಗಡ್ಡೆ ಬಜ್ಜಿ ಸಾಕು.

ಹೋಳಿಗೆ ಶೇಂಗಾದ್ದು ಮಾಡೋಣ. ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿದ ಶೇಂಗಾ ಒಂದು ಬಟ್ಟಲಿಗೆ ಬೆಲ್ಲ ಮುಕ್ಕಾಲು ಬಟ್ಟಲು, ಏಲಕ್ಕಿ. ಕಣಕಕ್ಕೂ ಹೆಂಚಿಗೂ ಎಣ್ಣೆ. ಅವನದನ್ನು ಮೊದಲು ಬೇಯಿಸಿ ಡಬ್ಬಿಗೆ ಹಾಕಿ, ಆಮೇಲೆ ಉಳಿದವರದು. ತುಪ್ಪ ಸವರಿದ ಹೆಂಚಿನ ಮೇಲೆ, ಅದೇ ಮಗುಚುವ ಕಡ್ಡಿಯಿಂದ ಮಾಡಿದರೆ ಬೇರೆ ಮಾಡಿದ್ದೂ ಸುಮ್ನೆ ದಂಡ.

ಗವಿಮಠದ ದಾಸೋಹಕ್ಕೆ ಕರೆದುಕೊಂಡು ಹೋಗು, ಪ್ರಸಾದಕ್ಕೆ ಕೈ ಮುಗಿಯಲಿ. ಆದರೆ ಮಾದಲಿ ಅಂದರೆ ಹಾಲು, ತುಪ್ಪ ಜೊತೆಗೇ ಬರುತ್ತದೆ, ಆ ಜನಸಂದಣಿಯಲ್ಲಿ ಯಾರನ್ನು ತಡೆಯುತ್ತೀಯ? ಅವನಿಗೆ ಮನೆಯಲ್ಲೇ ಮಾಡುತ್ತೇನೆ. ಗೋಧಿಯ ದಪ್ಪ ಚಪಾತಿ ಎಣ್ಣೆ ಸವರಿ ಬೇಯಿಸಿ, ಕುಟ್ಟಿ, ಜರಡಿ ಹಿಡಿದು, ಬೆಲ್ಲ, ಪುಟಾಣಿ, ಒಣಕೊಬ್ಬರಿ, ಗಸಗಸೆ ಬೆರೆಸಿ, ಮೇಲೆ ಬೆಚ್ಚಗಿನ ತೆಂಗಿನ ಹಾಲು. ರುಚಿ ಏನೂ ಕಡಿಮೆ ಆಗುವುದಿಲ್ಲ. ಆದರೆ ದಿನಾ ಹಾಲಿನ ಬದಲು ಇದನ್ನೇ ಕುಡಿಸಬೇಡ, ಹಾಲಿನಷ್ಟು ಸತ್ವ ಅದರಲ್ಲಿಲ್ಲ. ದಿನಕ್ಕೆ ಏನು ಕೊಡಬೇಕು ಅಂತ ಡಾಕ್ಟರನ್ನೇ ಕೇಳು.

ಕೇಕ್ ಬೇಕರಿಯಿಂದ ತರಬೇಡ. ಒಂದು ಬೇಕರಿಯವರು ಹಾಲಿಲ್ಲ ಅಮ್ಮಾ ಅಂತ ಬ್ರೆಡ್ ಕೊಟ್ಟರು, ಮನೆಗೆ ಬಂದು ಕವರ್ ನೋಡಿದರೆ ಹಾಲಿನ ಪುಡಿ ಅಂತ ಬರೆದಿತ್ತು. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಹಾಲು ಇದೆ ಅಂತ ಹಾಕಿಯೇ ಇರಬೇಕು, ಅದು ನಿಯಮ. ಓದದೆ ಬಿಸ್ಕತ್ತನ್ನೂ ಕೊಡಬೇಡ. ಕೇಕ್ ನಾವೇ ಮಾಡೋಣ. ಮೈದಾ ಒಂದೂವರೆ ಕಪ್, ಸಕ್ಕರೆ ಒಂದು ಕಪ್, ಸಕ್ಕರೆ ಬೆರೆಸದ ಕೋಕೋ ಪುಡಿ ಮೂರು ದೊಡ್ಡ ಚಮಚ, ಅಡುಗೆ ಸೋಡಾ ಒಂದು ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ. ಇದಕ್ಕೆ ನೀರು ಒಂದು ಕಪ್, ವಾಸನೆ ಇಲ್ಲದ ಎಣ್ಣೆ ಕಪ್ಪಿನ ಮೂರನೇ ಒಂದು ಭಾಗ, ವಿನೆಗರ್ ಒಂದು ದೊಡ್ಡ ಚಮಚ. ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ, ವಿನೆಗರ್ ಸೋಡಾ ಸೇರಿ ಗುಳ್ಳೆ ಎದ್ದು ಕೇಕ್ ಉಬ್ಬುತ್ತದೆ. ಕಲಸಿ ಇಟ್ಟುಕೊಂಡು ಕೂರಬೇಡ, ತಕ್ಷಣ ಒಲೆಗೆ. ಓವನ್ ಇದ್ದರೆ 180 ಡಿಗ್ರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ. ನಮ್ಮ ಮನೆಯಲ್ಲಾದರೆ ದೊಡ್ಡ ಕುಕ್ಕರಿನ ತಳಕ್ಕೆ ಉಪ್ಪು ಸುರಿದು, ಗ್ಯಾಸ್ಕೆಟ್, ಸೀಟಿ ಎರಡೂ ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು.

ಇನ್ನೊಂದು ಸಲ ಹೇಳುತ್ತೇನೆ, ಕೇಕಿನ ತಟ್ಟೆಗೆ ಸವರಲೂ ತುಪ್ಪ ಬೇಡ, ಬೆಣ್ಣೆ ಬೇಡ. ತುಪ್ಪನೂ ಹಾಲೇ. ಡಾಕ್ಟರ್ ಬರೆದ ಔಷಧಿ ನಿನ್ನ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಇಡಬೇಡ. ತುಟಿ ಊದಿದರೆ, ಉಸಿರು ಎಳೆದರೆ ಯಾರನ್ನೂ ಕೇಳುತ್ತಾ ನಿಲ್ಲಬೇಡ, ನೇರ ಆಸ್ಪತ್ರೆಗೆ.

ನನ್ನ ಮೊಮ್ಮಗನಿಗೆ ಆರು ವರ್ಷಕ್ಕೆ ಡಾಕ್ಟರು ತಮ್ಮ ಎದುರಿಗೇ ಹಾಲು ಕೊಟ್ಟು ನೋಡಿದರು, ಈಗ ಎಲ್ಲ ತಿನ್ನುತ್ತಾನೆ. ತುಂಬಾ ಮಕ್ಕಳಿಗೆ ದೊಡ್ಡವರಾಗುತ್ತಾ ಹೋಗುತ್ತದಂತೆ.

ಯಾವ ದಿನ ಬರುತ್ತೀರಿ ತಿಳಿಸು. ಹಿಂದಿನ ದಿನವೇ ಅವನಿಗೆ ಅಂತ ಒಂದು ಹೊಸ ಹೆಂಚು, ಒಂದು ಚಮಚ ತಂದು ಬೇರೆ ಇಡುತ್ತೇನೆ.