ಅಪ್‌ಡೇಟ್: ಕವಚದ ಮೇಲಿನ ಕುಳಿಗಳು ಹತ್ತಿರದ ಕಾರ್ಖಾನೆಯಲ್ಲಿ ಮಾಯವಾದವು

ನಮ್ಮ ಸೆನ್ಸರ್ ಸಾಧನದ ಪ್ಲಾಸ್ಟಿಕ್ ಕವಚದ ಮೇಲೆ ಕುಳಿ ಬೀಳುತ್ತಿದೆ, ದೂರದ ತಯಾರಕರೊಂದಿಗೇ ಮುಂದುವರಿಯಬೇಕೇ ಎಂದು ಮೂರು ವಾರಗಳ ಹಿಂದೆ ಕೇಳಿದ್ದೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬುವ ಒತ್ತಡ ಹೆಚ್ಚಿಸುವ ಸಲಹೆ ಫಲಿಸಲಿಲ್ಲ; ಅಚ್ಚಿನ ಅಂಚಿನಿಂದ ಪ್ಲಾಸ್ಟಿಕ್ ಹೊರಬಂದಿತು. ಅಚ್ಚನ್ನು ಹತ್ತಿರದ ಕಾರ್ಖಾನೆಗೆ ತಂದು ಯಂತ್ರದ ಪಕ್ಕದಲ್ಲೇ ನಿಂತು ನೋಡಿ ಎಂದವರ ಮಾತೇ ಕೈಹಿಡಿಯಿತು, ಅವರಿಗೆ ನಾನು ಋಣಿ. ಅಲ್ಲಿನ ಅಚ್ಚು ತಯಾರಕರು ಇನ್ನೂ ಬೆಚ್ಚಗಿದ್ದ ಕವಚವನ್ನು ಕತ್ತರಿಸಿ, 2 ಮಿ.ಮೀ. ದಪ್ಪದ ಗೋಡೆಯ ಹಿಂದೆ ಅದಕ್ಕೆ ಬಲ ಕೊಡುವ ಆಧಾರಪಟ್ಟಿಯೂ (ರಿಬ್) 2 ಮಿ.ಮೀ. ದಪ್ಪ ಇರುವುದನ್ನು ತೋರಿಸಿ, ಅದು ಗೋಡೆಯ ದಪ್ಪದ ಸುಮಾರು ಶೇ. 60ನ್ನು ಮೀರಬಾರದೆಂದೂ, ದಪ್ಪ ಭಾಗ ನಿಧಾನವಾಗಿ ತಣಿದು ಕುಗ್ಗುವಾಗ ಮೇಲ್ಮೈಯನ್ನು ಒಳಗೆಳೆಯುತ್ತದೆಂದೂ ವಿವರಿಸಿದರು. ಪಟ್ಟಿಯನ್ನು 1.2 ಮಿ.ಮೀ.ಗೆ ಇಳಿಸಿದ ಮೇಲೆ ಕುಳಿ ಕಾಣುತ್ತಿಲ್ಲ. ಪಟ್ಟಿ ಮೂಡುವುದು ಅಚ್ಚಿನ ತೋಡಿನಲ್ಲಿ; ಪಟ್ಟಿಯನ್ನು ದಪ್ಪ ಮಾಡಲು ಆ ತೋಡಿನ ಉಕ್ಕನ್ನು ಕೊರೆದರೆ ಸಾಕು, ತೆಳು ಮಾಡಲು ಮಾತ್ರ ವೆಲ್ಡಿಂಗ್‌ನಿಂದ ಉಕ್ಕು ತುಂಬಬೇಕು ಎಂಬುದು ನನಗೆ ತಿಳಿದೇ ಇರಲಿಲ್ಲ; ಆದ್ದರಿಂದ ಮೊದಲ ಅಚ್ಚಿನಲ್ಲಿ ಪಟ್ಟಿಗಳನ್ನು ತೆಳುವಾಗಿಯೇ ಇಡಿ.