ಸಹಾಯ ಬೇಕು: ‘ಸೆಲ್ಫ್’ ಎಂದರೆ ಆತ್ಮವೇ?

ಎಲ್ಲರಿಗೂ ನಮಸ್ಕಾರ. ಹಾಸನದ ಪದವಿ ವಿದ್ಯಾರ್ಥಿಗಳಿಗೆ ‘ನಾನು ಎಂದರೆ ಯಾರು’ ಎಂಬ ಉಪನ್ಯಾಸ ಸಿದ್ಧಪಡಿಸುತ್ತಿದ್ದೇನೆ. ಶಂಕರರಿಗೆ ಆತ್ಮ ಒಂದೇ, ಅದೇ ಬ್ರಹ್ಮ. ನಮ್ಮ ಶ್ರವಣಬೆಳಗೊಳದ ಜೈನರಿಗೆ ಜೀವಗಳು, ಅಂದರೆ ಆತ್ಮಗಳು, ಅನಂತ. ಪ್ರತಿ ಜೀವವೂ ತಾನಿರುವ ದೇಹದಷ್ಟೇ ವ್ಯಾಪಿಸಿರುತ್ತದೆ (ಈ ಮಾತು ನನ್ನನ್ನು ಎಷ್ಟೋ ದಿನ ಕಾಡಿದೆ).

ತೊಡಕಿರುವುದು ಮುಂದೆ. ಗಾಲಿ, ಅಚ್ಚು, ನೊಗಗಳನ್ನು ಆಧರಿಸಿ ಇಟ್ಟ ಹೆಸರಷ್ಟೇ ರಥ, ‘ನಾನು’ ಎಂಬುದೂ ಹಾಗೆಯೇ ಎಂದು ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಹೇಳುತ್ತಾನೆ. 1739ರಲ್ಲಿ ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ ‘ನಾನು’ ಎಂಬುದನ್ನು, ಇಂಗ್ಲಿಷಿನ ‘ಸೆಲ್ಫ್’ ಅನ್ನು, ಅನುಭವಗಳ ಕಂತೆ ಎಂದ. ಇಬ್ಬರದೂ ಒಂದೇ ಮಾತು ಎನ್ನಲು ಮನಸ್ಸು ಒಪ್ಪುತ್ತಿಲ್ಲ; ಬೌದ್ಧರಿಗೆ ‘ನಾನು’ ಬರೀ ಹೆಸರು ಎಂಬ ಅರಿವು ದುಃಖದಿಂದ ಬಿಡುಗಡೆಯ ದಾರಿ.

ಈ ಭೇದವನ್ನು ತಿಳಿಗನ್ನಡದಲ್ಲಿ ವಿವರಿಸಿದ ಪುಸ್ತಕವಿದ್ದರೆ ದಯವಿಟ್ಟು ತಿಳಿಸಿ. ಹಾಸನ, ಬೇಲೂರು ಕಡೆಯ ಹಿರಿಯರು ಯಾರಾದರೂ ಅರ್ಧ ಗಂಟೆ ಮಾತನಾಡುವುದಾದರೆ ನಾನೇ ಮನೆಗೆ ಬರುತ್ತೇನೆ.